ಅಪ್ಲೈ: ಒಂದು ಕ್ರಿಯಾಪದ, ಹಲವು ಅರ್ಥ
ಅರ್ಜಿ ತುಂಬುವ ಮೊದಲು ವಿದ್ಯಾರ್ಥಿಗಳು ಮತ್ತು ಪಾಲಕರು ಓದಬೇಕಾದ ಬರಹ



ಈ ವರದಿಯ ಕೊನೆಯಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆ ಮತ್ತು ಅರ್ಜಿ ನಮೂನೆ ಇವೆ. ಆ ಪುಟಗಳಲ್ಲಿ, ಸರಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ಗಳಲ್ಲಿ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ಮುಲಾಮಿನ ಟ್ಯೂಬಿನ ಮೇಲೆ, ಪ್ರಶ್ನೆಪತ್ರಿಕೆಯಲ್ಲಿ, ಕಡೆಗೆ ಟ್ರಸ್ಟಿನ ಲೆಕ್ಕಪತ್ರದಲ್ಲಿಯೂ ಒಂದೇ ಇಂಗ್ಲಿಷ್ ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ. ಅದು ‘ಅಪ್ಲೈ’. ನಮ್ಮ ಮಾತಿನಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ: ಅರ್ಜಿ ಹಾಕುವುದು. ಆದರೆ ಇಂಗ್ಲಿಷಿನಲ್ಲಿ ಅದರ ಕೆಲಸ ಬಹಳ ದೊಡ್ಡದು. ಉಳಿದ ಅರ್ಥಗಳು ಗೊತ್ತಿಲ್ಲದಿದ್ದರೆ ನಷ್ಟವಾಗುವುದು ಬರೀ ವ್ಯಾಕರಣದ ಅಂಕವಲ್ಲ. ಒಂದು ಕಾಲಮ್ಮಿನಲ್ಲಿ ತಪ್ಪು ಬರೆದರೆ ಅರ್ಜಿ ವಾಪಸ್ ಬರುತ್ತದೆ. ಕೊನೆಯ ದಿನಾಂಕ ತಪ್ಪು ತಿಳಿದರೆ ವರ್ಷವೇ ಹೋಗುತ್ತದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಅನೇಕ ಮಕ್ಕಳು ಮನೆಯಲ್ಲಿ ಉರ್ದು ಮಾತಾಡುತ್ತಾರೆ, ಓಣಿಯಲ್ಲಿ ಕನ್ನಡ ಮಾತಾಡುತ್ತಾರೆ. ಸಂಕೇಶ್ವರದ ಕಡೆಯವರಿಗೆ ಮರಾಠಿಯೂ ಬರುತ್ತದೆ. ಇಂಗ್ಲಿಷು ಇವರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ಇದನ್ನು ಕೊರತೆ ಎಂದು ಯಾರೂ ತಿಳಿಯಬಾರದು. ಈ ಕ್ರಿಯಾಪದದ ಮಟ್ಟಿಗಂತೂ ಇಷ್ಟು ಭಾಷೆ ಬಲ್ಲ ಮಗುವಿಗೆ ಅನುಕೂಲವೇ ಹೆಚ್ಚು. ಹೇಗೆಂಬುದನ್ನು ಮುಂದೆ ನೋಡೋಣ.

ಮೂಲ ಅರ್ಥ: ಹಚ್ಚುವುದು

‘ಅಪ್ಲೈ’ ಶಬ್ದದ ಮೂಲ ಲ್ಯಾಟಿನ್ ಭಾಷೆಯ ‘ಅಪ್ಲಿಕಾರೆ’. ‘ಪ್ಲಿಕಾರೆ’ ಎಂದರೆ ಮಡಚುವುದು. ಮುಂದೆ ‘ಕಡೆಗೆ’ ಎಂಬ ಅರ್ಥದ ಉಪಸರ್ಗ ಸೇರಿ ‘ಒಂದನ್ನು ಇನ್ನೊಂದಕ್ಕೆ ತಾಗಿಸಿ ಇಡುವುದು, ಜೋಡಿಸುವುದು’ ಎಂಬ ಅರ್ಥ ಬಂತು. ಶಬ್ದ ಫ್ರೆಂಚ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದಿತು. ಬಡಿಗರ ಅಂಗಡಿಯ ‘ಪ್ಲೈವುಡ್’ನಲ್ಲಿರುವ ‘ಪ್ಲೈ’ ಕೂಡ ಇದೇ ಬೇರಿನದು. ಪದರದ ಮೇಲೆ ಪದರ ಹಚ್ಚಿದ ಕಟ್ಟಿಗೆ.

ಈಗ ನಮ್ಮ ಭಾಗದ ಕನ್ನಡ ನೋಡಿ. ಗಾಯಕ್ಕೆ ಮುಲಾಮು ಹಚ್ಚುತ್ತೇವೆ. ಕೈಗೆ ಮೆಹಂದಿ ಹಚ್ಚುತ್ತೇವೆ. ಗೋಡೆಗೆ ಸುಣ್ಣ ಹಚ್ಚುತ್ತೇವೆ. ಊರಿಗೆ ಫೋನ್ ಹಚ್ಚುತ್ತೇವೆ. ಮಗನನ್ನು ಸಾಲಿಗೆ ಹಚ್ಚುತ್ತೇವೆ. ‘ಮನಸ್ ಹಚ್ಚಿ ಓದು’ ಎಂದು ಹೇಳುತ್ತೇವೆ. ಉರ್ದುವಿನ ‘ಲಗಾನಾ’ ಮಾಡುವ ಕೆಲಸವೂ ಬಹುಪಾಲು ಇದೇ: ಮೆಹಂದಿ ಲಗಾನಾ, ಬ್ರೇಕ್ ಲಗಾನಾ, ದಿಲ್ ಲಗಾನಾ. ಮರಾಠಿಯಲ್ಲಿ ಇದು ‘ಲಾವಣೆ’. ಈ ಮೂರೂ ಶಬ್ದಗಳ ನಡುವೆ ಇಂಗ್ಲಿಷಿನ ‘ಅಪ್ಲೈ’ಯನ್ನು ಕೂಡ್ರಿಸಿದರೆ ಅದು ಅಪರಿಚಿತ ಅನಿಸುವುದಿಲ್ಲ.

ಇನ್ನೊಂದು ಸಂಗತಿ. ಕನ್ನಡದಲ್ಲಿ ‘ಹಚ್ಚು’ ಬೇರೆ, ‘ಹತ್ತು’ ಬೇರೆ. ಬೆಂಕಿಯನ್ನು ನಾವು ಹಚ್ಚುತ್ತೇವೆ, ಬೆಂಕಿ ತಾನು ಹತ್ತುತ್ತದೆ. ಉರ್ದುವಿನಲ್ಲಿ ‘ಲಗಾನಾ’ ಮತ್ತು ‘ಲಗ್ನಾ’, ಮರಾಠಿಯಲ್ಲಿ ‘ಲಾವಣೆ’ ಮತ್ತು ‘ಲಾಗಣೆ’ ಇದೇ ರೀತಿಯ ಜೋಡಿಗಳು. ಇಂಗ್ಲಿಷು ಈ ಎರಡೂ ಕೆಲಸಕ್ಕೆ ‘ಅಪ್ಲೈ’ ಒಂದನ್ನೇ ಬಳಸುತ್ತದೆ. ‘ಅಪ್ಲೈ ದ ರೂಲ್’ ಎಂದರೆ ನಿಯಮವನ್ನು ನೀನು ಹಚ್ಚು. ‘ದ ರೂಲ್ ಅಪ್ಲೈಸ್ ಟು ಯು’ ಎಂದರೆ ನಿಯಮ ತಾನಾಗಿ ನಿನಗೆ ಲಾಗೂ ಆಗುತ್ತದೆ. ಗೊಂದಲ ಬಹಳ ಸಲ ಹುಟ್ಟುವುದು ಇಲ್ಲಿಯೇ. ಓದುವಾಗ ‘ಇಲ್ಲಿ ಯಾರಾದರೂ ಹಚ್ಚುತ್ತಿದ್ದಾರೋ, ಅಥವಾ ತಾನಾಗಿ ಹತ್ತುತ್ತಿದೆಯೋ’ ಎಂದು ಕೇಳಿಕೊಂಡರೆ ಅರ್ಥ ಬಿಡಿಸಿಕೊಳ್ಳುತ್ತದೆ.

ಅರ್ಜಿ ಹಾಕುವ ಅಪ್ಲೈ: ಫಾರ್, ಟು, ಬೈ

ಅರ್ಜಿಯ ಅರ್ಥದಲ್ಲಿ ಈ ಕ್ರಿಯಾಪದದ ಹಿಂದೆ ಬರುವ ಸಣ್ಣ ಶಬ್ದಗಳನ್ನು ಸರಿಯಾಗಿ ಹಿಡಿಯಬೇಕು.

1. ಅಪ್ಲೈ ಫಾರ್: ಯಾವುದು ಬೇಕಾಗಿದೆಯೋ ಅದರ ಮುಂದೆ ‘ಫಾರ್’. ‘ಐ ಅಪ್ಲೈಡ್ ಫಾರ್ ದ ಸ್ಕಾಲರ್‌ಶಿಪ್.’

2. ಅಪ್ಲೈ ಟು: ಯಾರಿಗೆ ಕೊಡುತ್ತೇವೆಯೋ ಅವರ ಮುಂದೆ ‘ಟು’. ‘ಐ ಅಪ್ಲೈಡ್ ಟು ದ ಟ್ರಸ್ಟ್.’

ಕನ್ನಡದಲ್ಲಿ ‘ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದೆ’ ಎನ್ನುತ್ತೇವೆ, ‘ಟ್ರಸ್ಟಿಗೆ ಅರ್ಜಿ ಹಾಕಿದೆ’ ಎಂದೂ ಎನ್ನುತ್ತೇವೆ. ಎರಡಕ್ಕೂ ‘ಗೆ’ ಒಂದೇ. ಆದ್ದರಿಂದಲೇ ಮಕ್ಕಳು ‘ಅಪ್ಲೈ ಟು ಸ್ಕಾಲರ್‌ಶಿಪ್’ ಎಂದೋ, ಏನೂ ಸೇರಿಸದೆ ‘ಅಪ್ಲೈ ಸ್ಕಾಲರ್‌ಶಿಪ್’ ಎಂದೋ ಬರೆಯುತ್ತಾರೆ. ಇದಕ್ಕೆ ಸುಲಭ ಪರೀಕ್ಷೆಯಿದೆ. ಎಲ್ಲಿ ‘ಸಲುವಾಗಿ’ ಎಂದು ಹೇಳಲು ಬರುತ್ತದೆಯೋ ಅಲ್ಲಿ ‘ಫಾರ್’. ಸ್ಕಾಲರ್‌ಶಿಪ್ ಸಲುವಾಗಿ ಅರ್ಜಿ ಹಾಕಿದೆ, ಸರಿ. ಟ್ರಸ್ಟಿನ ಸಲುವಾಗಿ ಅರ್ಜಿ ಹಾಕಿದೆ ಎಂದರೆ ಅರ್ಥವೇ ಬೇರೆಯಾಗುತ್ತದೆ, ಆದ್ದರಿಂದ ಅಲ್ಲಿ ‘ಟು’. ಉರ್ದು ಮಾತಾಡುವವರು ‘ಕೆ ಲಿಯೆ’ ಅಥವಾ ‘ಕೆ ವಾಸ್ತೆ’ ಹಾಕಿ ನೋಡಿದರೂ ಇದೇ ಉತ್ತರ ಸಿಗುತ್ತದೆ.

ಮನೆಯ ಉದಾಹರಣೆಯೊಂದು: ಕರೆಂಟ್ ಕನೆಕ್ಷನ್ ಬೇಕಾದರೆ ಗೋಕಾಕದವರು ಹೆಸ್ಕಾಂಗೆ ಅರ್ಜಿ ಹಾಕುತ್ತಾರೆ. ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇರುವುದರಿಂದ ಅಲ್ಲಿಯವರು ಸಂಘಕ್ಕೆ ಅರ್ಜಿ ಹಾಕುತ್ತಾರೆ. ಇಬ್ಬರೂ ‘ಫಾರ್’ ಎಂದು ಕೇಳುವುದು ಕರೆಂಟನ್ನೇ. ‘ಟು’ ಮಾತ್ರ ಬೇರೆ. ವಿದ್ಯಾರ್ಥಿವೇತನದಲ್ಲಿಯೂ ಹಾಗೆ. ಬೇಕಾದದ್ದು ಒಂದೇ ಆದರೂ ರಾಜ್ಯದ ಪೋರ್ಟಲ್, ರಾಷ್ಟ್ರೀಯ ಪೋರ್ಟಲ್, ಟ್ರಸ್ಟ್ ಇವು ಬೇರೆ ಬೇರೆ ಬಾಗಿಲುಗಳು. ಒಂದು ಕಡೆ ಹಾಕಿದ ಅರ್ಜಿ ಇನ್ನೊಂದು ಕಡೆ ತಾನಾಗಿ ಮುಟ್ಟುವುದಿಲ್ಲ.

3. ಅಪ್ಲೈ ಬೈ: ‘ಅಪ್ಲೈ ಬೈ 30’ ಎಂದಿದ್ದರೆ 30ನೆಯ ತಾರೀಖೂ ಸೇರಿ ಅಲ್ಲಿಯವರೆಗೆ ಹಾಕಬಹುದು. ‘ಅಪ್ಲೈ ಬಿಫೋರ್ 30’ ಎಂದಿದ್ದರೆ 29ಕ್ಕೇ ಮುಗಿಯಿತು. ‘ಅಪ್ಲೈ ಫ್ರಾಮ್ 30’ ಎಂದರೆ ಅಂದಿನಿಂದ ಶುರು. ಮೂರರಲ್ಲಿಯೂ ಸಂಖ್ಯೆ ಅದೇ ಇರುವುದರಿಂದ ಸಂಖ್ಯೆಯನ್ನಷ್ಟೇ ನೋಡಿ ಹೋಗಬೇಡಿ.

4. ಅಪ್ಲಿಕಂಟ್: ಅರ್ಜಿದಾರ, ಅಂದರೆ ಯಾರ ಹೆಸರಿನಲ್ಲಿ ಅರ್ಜಿ ಇದೆಯೋ ಅವರು. ‘ಸಿಗ್ನೇಚರ್ ಆಫ್ ಅಪ್ಲಿಕಂಟ್’ ಎಂಬಲ್ಲಿ ವಿದ್ಯಾರ್ಥಿ ಸಹಿ ಮಾಡಬೇಕು, ತಂದೆಯಲ್ಲ. ಪಾಲಕರ ಸಹಿಗೆ ‘ಪೇರೆಂಟ್’ ಅಥವಾ ‘ಗಾರ್ಡಿಯನ್’ ಎಂದು ಬೇರೆ ಜಾಗ ಇರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದ ಅರ್ಜಿಯಲ್ಲಿ ‘ಕೋ-ಅಪ್ಲಿಕಂಟ್’ ಎಂದಿದ್ದರೆ ಅದು ಬರೀ ಸಾಕ್ಷಿಯ ಸಹಿಯಲ್ಲ. ಅಲ್ಲಿ ಸಹಿ ಮಾಡಿದ ತಂದೆ ಅಥವಾ ತಾಯಿಯ ಮೇಲೆಯೂ ಸಾಲ ತೀರಿಸುವ ಹೊಣೆ ಬರುತ್ತದೆ. ತಿಳಿದು ಸಹಿ ಮಾಡಬೇಕು.

ಅಪ್ಲೈ ಎಂದರೆ ಮಂಜೂರಾತಿ ಅಲ್ಲ

ಪೋರ್ಟಲ್‌ನಲ್ಲಿ ‘ಅಪ್ಲೈ’ ಎಂಬ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಫಾರ್ಮ್ ತೆರೆಯುತ್ತದೆ, ಅಷ್ಟೇ. ತುಂಬಿ ‘ಸೇವ್’ ಮಾಡಿದರೂ ಅದು ಕರಡು ಮಾತ್ರ. ಕೊನೆಯ ‘ಸಬ್ಮಿಟ್’ ಆಗಿ ಅರ್ಜಿ ಸಂಖ್ಯೆ ಬಂದ ಮೇಲೆಯೇ ‘ಅಪ್ಲೈಡ್’ ಎಂದು ಹೇಳಲು ಬರುತ್ತದೆ. ಗ್ರಾಮ ಒನ್ ಕೇಂದ್ರದಲ್ಲಾಗಲಿ ಸೈಬರ್ ಅಂಗಡಿಯಲ್ಲಾಗಲಿ ತುಂಬಿಸಿದರೆ ಆ ಸಂಖ್ಯೆ ಇರುವ ಪ್ರತಿಯನ್ನು ತೆಗೆದುಕೊಂಡೇ ಹೊರಗೆ ಬನ್ನಿ.

‘ಅಪ್ಲೈಡ್’ ಆದ ಮೇಲೂ ‘ವೆರಿಫೈಡ್’, ‘ಸ್ಯಾಂಕ್ಷನ್ಡ್’ ಎಂಬ ಹಂತಗಳಿವೆ. ಕಾಲೇಜು ಪರಿಶೀಲಿಸಬೇಕು, ಮೇಲಿನ ಕಚೇರಿ ಪರಿಶೀಲಿಸಬೇಕು, ಆಧಾರ್ ಜೋಡಣೆಯಾದ ಖಾತೆ ಇರಬೇಕು. ಆದ್ದರಿಂದ ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿಯಬಾರದು:

‘ಹ್ಯಾವ್ ಯು ಅಪ್ಲೈಡ್ ಫಾರ್ ಎನಿ ಅದರ್ ಸ್ಕಾಲರ್‌ಶಿಪ್?’ ಬೇರೆ ಕಡೆ ಅರ್ಜಿ ಹಾಕಿದ್ದೀರಾ?

‘ಆರ್ ಯು ರಿಸೀವಿಂಗ್ ಎನಿ ಅದರ್ ಸ್ಕಾಲರ್‌ಶಿಪ್?’ ಬೇರೆ ಕಡೆಯಿಂದ ಹಣ ಬರುತ್ತಿದೆಯೇ?

ಅರ್ಜಿ ಹಾಕಿ ಇನ್ನೂ ಹಣ ಬರದಿದ್ದರೆ ಮೊದಲನೆಯದಕ್ಕೆ ‘ಯೆಸ್’, ಎರಡನೆಯದಕ್ಕೆ ‘ನೋ’. ಬಂದಿಲ್ಲವೆಂದು ಎರಡಕ್ಕೂ ‘ನೋ’ ಬರೆದರೆ ಮುಂದೆ ಪರಿಶೀಲನೆಯಲ್ಲಿ ಸುಳ್ಳು ಮಾಹಿತಿ ಎಂದು ಕಾಣುತ್ತದೆ. ಮಗುವಿನ ಮನಸ್ಸಿನಲ್ಲಿ ಸುಳ್ಳಿಲ್ಲದಿದ್ದರೂ ಕಾಗದದ ಮೇಲೆ ಉಳಿಯುವುದು ಅದೇ.

ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಇನ್ನೂ ಕೈಗೆ ಬಂದಿಲ್ಲದಿದ್ದರೆ, ಮತ್ತು ಅರ್ಜಿ ನಮೂನೆ ಅದಕ್ಕೆ ಅವಕಾಶ ಕೊಟ್ಟಿದ್ದರೆ, ‘ಅಪ್ಲೈಡ್ ಫಾರ್’ ಎಂದು ಬರೆದು ಸ್ವೀಕೃತಿ ಸಂಖ್ಯೆ ಕೊಡಬಹುದು. ಅರ್ಥ: ಅರ್ಜಿ ಹಾಕಿದ್ದೇವೆ, ಬರಬೇಕಾಗಿದೆ.

ಲಾಗೂ ಆಗುವ ಅಪ್ಲೈ: ಎನ್.ಎ. ಎಂಬ ಎರಡು ಅಕ್ಷರ

‘ಅಪ್ಲಿಕೇಬಲ್’ ಎಂದರೆ ಲಾಗೂ ಆಗುವಂಥದ್ದು, ಅನ್ವಯಿಸುವಂಥದ್ದು. ‘ನಾಟ್ ಅಪ್ಲಿಕೇಬಲ್’ ಎಂದರೆ ಈ ಪ್ರಶ್ನೆ ನಮಗೆ ಹತ್ತುವುದಿಲ್ಲ. ಇದನ್ನೇ ಚಿಕ್ಕದಾಗಿ ‘ಎನ್.ಎ.’ ಎಂದು ಬರೆಯುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ಉತ್ತರಗಳನ್ನು ತಿಳಿಯಬೇಕು.

ನಿಲ್: ಪ್ರಶ್ನೆ ನಮಗೆ ಸಂಬಂಧಿಸಿದೆ, ಆದರೆ ಪ್ರಮಾಣ ಸೊನ್ನೆ. ಹೊಲ ಎಷ್ಟು ಎಕರೆ ಎಂದು ಕೇಳಿದಾಗ ಹೊಲವಿಲ್ಲದಿದ್ದರೆ ‘ನಿಲ್’.

ನಾಟ್ ಅಪ್ಲಿಕೇಬಲ್: ಪ್ರಶ್ನೆಯೇ ನಮಗೆ ಸಂಬಂಧಿಸಿಲ್ಲ. ಮನೆಯಿಂದಲೇ ಕಾಲೇಜಿಗೆ ಹೋಗುವವರಿಗೆ ‘ಹಾಸ್ಟೆಲ್ ಕೋಣೆಯ ಸಂಖ್ಯೆ’. ಮದುವೆಯಾಗದ ಹುಡುಗಿಗೆ ‘ಪತಿಯ ಹೆಸರು’. ತಂದೆ ತೀರಿಕೊಂಡ ಮಗುವಿಗೆ ‘ತಂದೆಯ ಉದ್ಯೋಗ, ಆದಾಯ’. ಈ ಕೊನೆಯ ಕಾಲಮ್ಮಿನಲ್ಲಿ ಬರೀ ಸೊನ್ನೆ ಬರೆದರೆ ತಂದೆ ಇದ್ದಾರೆ, ದುಡಿಯುತ್ತಿಲ್ಲ ಎಂಬ ಅರ್ಥ ಬರುತ್ತದೆ. ತಂದೆಯಿಲ್ಲದ ಮಕ್ಕಳಿಗೆ ಸಿಗಬಹುದಾದ ಆದ್ಯತೆ ಆ ಒಂದು ಸೊನ್ನೆಯಿಂದ ತಪ್ಪಿಹೋಗಬಹುದು.

ನಾಟ್ ಅವೈಲೇಬಲ್: ಪ್ರಶ್ನೆ ಸಂಬಂಧಿಸಿದೆ, ಉತ್ತರವೂ ಇದೆ, ಆದರೆ ಕಾಗದ ಇನ್ನೂ ಕೈಗೆ ಬಂದಿಲ್ಲ. ಉದಾಹರಣೆಗೆ ಅಂಕಪಟ್ಟಿ.

ತೊಂದರೆ ಏನೆಂದರೆ ‘ನಾಟ್ ಅಪ್ಲಿಕೇಬಲ್’ ಮತ್ತು ‘ನಾಟ್ ಅವೈಲೇಬಲ್’ ಎರಡರ ಮೊದಲ ಅಕ್ಷರಗಳೂ ‘ಎನ್.ಎ.’ಯೇ. ಓದುವವರು ಯಾವುದನ್ನು ತಿಳಿಯಬೇಕು? ಕೈಬರಹದ ಅರ್ಜಿಯಲ್ಲಿ ಪೂರ್ತಿ ಶಬ್ದ ಬರೆಯುವುದೇ ಒಳ್ಳೆಯದು. ಕಾಲಮ್ ಖಾಲಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಮರೆತಿದ್ದಾರೋ, ಮುಚ್ಚಿಟ್ಟಿದ್ದಾರೋ ಎಂಬುದು ತಿಳಿಯುವುದಿಲ್ಲ.

‘ಕಂಡಿಷನ್ಸ್ ಅಪ್ಲೈ’ ಎಂಬ ಸಣ್ಣಕ್ಷರವೂ ಇದೇ ಗುಂಪಿನದು. ಷರತ್ತುಗಳು ಲಾಗೂ ಆಗುತ್ತವೆ ಎಂದರ್ಥ. ‘ಟಿಕ್ ಆಲ್ ದ್ಯಾಟ್ ಅಪ್ಲೈ’ ಎಂದರೆ ನಿಮಗೆ ಲಾಗೂ ಆಗುವ ಎಲ್ಲದಕ್ಕೂ ಗುರುತು ಹಾಕಿ. ಒಂದಕ್ಕೇ ಹಾಕಿ ನಿಲ್ಲಿಸಬೇಡಿ.

ಪ್ರಶ್ನೆಪತ್ರಿಕೆಯಲ್ಲಿ ಅಪ್ಲೈ

ಅಮೇರಿಕದ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಕಲಿಕೆಯ ಆರು ಹಂತಗಳನ್ನು ಗುರುತಿಸಿದರು. ಅದರಲ್ಲಿ ಮೊದಲನೆಯದು ಜ್ಞಾನ, ಎರಡನೆಯದು ತಿಳಿವಳಿಕೆ, ಮೂರನೆಯದು ‘ಅಪ್ಲಿಕೇಶನ್’, ಅಂದರೆ ಅನ್ವಯ. ನಮ್ಮ ಎಸ್.ಎಸ್.ಎಲ್.ಸಿ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿಯೂ ಅನ್ವಯದ ಪ್ರಶ್ನೆಗಳಿಗೆ ಪಾಲು ಇದೆ.

ಗೋಕಾಕ ಜಲಪಾತವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಧುಮುಕುತ್ತದೆ. ‘ಜಲಪಾತದ ಎತ್ತರ ಎಷ್ಟು?’ ಎಂಬುದು ನೆನಪಿನ ಪ್ರಶ್ನೆ. ‘ನೀರು ಕೆಳಗೆ ಬರುತ್ತ ಬರುತ್ತ ವೇಗ ಏಕೆ ಹೆಚ್ಚುತ್ತದೆ?’ ಎಂಬುದು ತಿಳಿವಳಿಕೆಯ ಪ್ರಶ್ನೆ. ‘ಗಾಳಿಯ ತಡೆಯನ್ನು ಬಿಟ್ಟು, ತಳ ಮುಟ್ಟುವಾಗ ನೀರಿನ ವೇಗ ಕಂಡುಹಿಡಿಯಿರಿ’ ಎಂಬುದು ಅನ್ವಯದ ಪ್ರಶ್ನೆ. ಇಲ್ಲಿ ಸೂತ್ರವನ್ನು ಒಪ್ಪಿಸಿದರೆ ಸಾಲದು, ಈ ಜಲಪಾತಕ್ಕೆ ಹಚ್ಚಬೇಕು. ಗುರುತ್ವ ವೇಗೋತ್ಕರ್ಷ 9.8ನ್ನು ಎತ್ತರ 52ರಿಂದ ಗುಣಿಸಿ, ಅದನ್ನು ಇಮ್ಮಡಿ ಮಾಡಿ, ವರ್ಗಮೂಲ ತೆಗೆದರೆ ಸೆಕೆಂಡಿಗೆ ಸುಮಾರು 32 ಮೀಟರ್ ಬರುತ್ತದೆ. ಪ್ರಶ್ನೆಯಲ್ಲಿ ‘ಅಪ್ಲೈ’ ಕಂಡರೆ ಕೇಳುತ್ತಿರುವುದು ಇಷ್ಟೇ: ಕಲಿತದ್ದನ್ನು ಇಲ್ಲಿ ಹಚ್ಚಿ ತೋರಿಸು.

ಮೊಬೈಲಿನ ‘ಆ್ಯಪ್’ ಕೂಡ ‘ಅಪ್ಲಿಕೇಶನ್’ ಶಬ್ದದ ಮೊಟಕು ರೂಪ. ಕಂಪ್ಯೂಟರನ್ನು ಒಂದು ನಿರ್ದಿಷ್ಟ ಕೆಲಸಕ್ಕೆ ಹಚ್ಚುವ ಸಾಧನ ಅದು.

ಔಷಧಿ ಓದುವವರಿಗೆ

ನರ್ಸಿಂಗ್, ಫಾರ್ಮಸಿ ಓದುವ ನಮ್ಮ ಮಕ್ಕಳಿಗೆ ಇದು ಜೀವದ ವಿಷಯ. ‘ಫಾರ್ ಎಕ್ಸ್‌ಟರ್ನಲ್ ಅಪ್ಲಿಕೇಶನ್ ಓನ್ಲಿ’ ಎಂದರೆ ಮೈಮೇಲೆ ಹಚ್ಚಲು ಮಾತ್ರ, ಬಾಯಿಗೆ ಹಾಕಬಾರದು. ‘ಅಪ್ಲೈ ಎ ಥಿನ್ ಲೇಯರ್’ ಎಂದರೆ ತೆಳುವಾಗಿ ಹಚ್ಚು. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುತ್ತದೆ ಎಂದಲ್ಲ. ‘ಅಪ್ಲೈ ಪ್ರೆಶರ್’ ಎಂದರೆ ಒತ್ತಿ ಹಿಡಿ. ರಕ್ತ ಸೋರುವ ಗಾಯಕ್ಕೆ ಮಾಡುವ ಮೊದಲ ಉಪಚಾರ ಇದು. ‘ಅಪ್ಲಿಕೇಶನ್’ ಎಂದರೆ ಅರ್ಜಿ ಎಂಬುದನ್ನಷ್ಟೇ ಕಲಿತವರಿಗೆ ಆ ಬಾಟಲಿಯ ಮೇಲಿನ ಸಾಲು ಅರ್ಥವಾಗುವುದಿಲ್ಲ.

ದಾನಿಗಳ ಲೆಕ್ಕಪತ್ರದಲ್ಲಿ ಅಪ್ಲೈ

ಈ ವರದಿಯ ಲೆಕ್ಕಪತ್ರದ ಭಾಗದಲ್ಲಿ ದಾನಿಗಳು ‘ಅಪ್ಲಿಕೇಶನ್ ಆಫ್ ಇನ್‌ಕಮ್’ ಎಂಬ ಶೀರ್ಷಿಕೆ ಕಾಣಬಹುದು. ಇದು ಯಾರೋ ಹಾಕಿದ ಅರ್ಜಿಯಲ್ಲ. ಬಂದ ಹಣವನ್ನು ಯಾವ ಕೆಲಸಕ್ಕೆ ಹಚ್ಚಿದೆವು ಎಂಬ ಲೆಕ್ಕ. ಆದಾಯ ತೆರಿಗೆ ಕಾನೂನಿನ ಪ್ರಕಾರ ಧರ್ಮಾರ್ಥ ಟ್ರಸ್ಟ್ ತೆರಿಗೆ ವಿನಾಯಿತಿ ಪಡೆಯಬೇಕಾದರೆ ತನ್ನ ಆದಾಯದ ಕನಿಷ್ಠ 85 ಪ್ರತಿಶತವನ್ನು ಧರ್ಮಾರ್ಥ ಉದ್ದೇಶಕ್ಕೆ ‘ಅಪ್ಲೈ’ ಮಾಡಬೇಕು. 15 ಪ್ರತಿಶತದವರೆಗೆ ಮುಂದಿನ ಕೆಲಸಕ್ಕೆ ಉಳಿಸಿಕೊಳ್ಳಬಹುದು. ಕಾನೂನು ಇಲ್ಲಿ ‘ಖರ್ಚು’ ಎಂಬ ಶಬ್ದದ ಬದಲು ‘ಅಪ್ಲೈ’ ಬಳಸಿರುವುದು ಗಮನಿಸಬೇಕಾದ ಮಾತು. ಖರ್ಚು ಯಾವುದಕ್ಕಾದರೂ ಆಗಬಹುದು. ‘ಅಪ್ಲೈ’ ಎಂದಾಗ ಹಣವು ತನ್ನ ಉದ್ದೇಶಕ್ಕೇ ಹೋಗಿ ಮುಟ್ಟಿರಬೇಕು.

ಜಕಾತಿನ ವಿಷಯದಲ್ಲಿ ಇನ್ನೂ ಬಿಗಿಯಿದೆ. ಅದು ಯಾರಿಗೆ ಸಲ್ಲಬೇಕೆಂಬ ಎಂಟು ವರ್ಗಗಳನ್ನು ಕುರ್‌ಆನಿನ ಸೂರಾ ತೌಬಾದ 60ನೆಯ ಆಯತ್ತಿನಲ್ಲಿ ಹೇಳಲಾಗಿದೆ. ಆ ವರ್ಗ ಯಾರಿಗೆ ಲಾಗೂ ಆಗುತ್ತದೆಯೋ ಅವರಿಗೇ ಜಕಾತಿನ ಹಣವನ್ನು ಹಚ್ಚಬೇಕು. ಅರ್ಜಿಯಲ್ಲಿ ಮನೆಯ ಆದಾಯ, ಸಾಲ, ಅವಲಂಬಿತರು ಎಂದು ಇಷ್ಟೆಲ್ಲ ಏಕೆ ಕೇಳುತ್ತಾರೆ ಎಂದು ಪಾಲಕರು ಬೇಸರ ಮಾಡಿಕೊಳ್ಳಬಾರದು. ವಿದ್ಯಾರ್ಥಿ ಸರಿಯಾಗಿ ‘ಅಪ್ಲೈ’ ಮಾಡದಿದ್ದರೆ ದಾನಿಯ ಹಣವನ್ನು ಸರಿಯಾಗಿ ‘ಅಪ್ಲೈ’ ಮಾಡಲು ಟ್ರಸ್ಟಿಗೂ ಆಗುವುದಿಲ್ಲ.

ಅರ್ಜಿ ಎಂದರೆ ಬೇಡುವುದಲ್ಲ

ಕೆಲವು ಮನೆಗಳಲ್ಲಿ ಅರ್ಹತೆ ಇದ್ದರೂ ಅರ್ಜಿ ಹಾಕುವುದಿಲ್ಲ. ಕೈಯೊಡ್ಡಿದಂತೆ ಆಗುತ್ತದೆ ಎಂಬ ಸಂಕೋಚ. ಶಬ್ದವನ್ನೇ ಕೇಳಿ ನೋಡೋಣ. ‘ಅರ್ಜಿ’ ಅರಬಿಯ ‘ಅರ್ಜ್’ ಎಂಬುದರಿಂದ ಫಾರಸಿ, ಉರ್ದು ದಾರಿಯಾಗಿ ಕನ್ನಡಕ್ಕೆ ಬಂದದ್ದು. ಮುಂದಿಡುವುದು, ನಿವೇದಿಸುವುದು ಎಂಬುದು ಅದರ ಅರ್ಥ. ‘ದರಖಾಸ್ತು’ ಫಾರಸಿಯಿಂದ ಬಂದು ಕಂದಾಯ ಇಲಾಖೆಯ ಕಾಗದಗಳಲ್ಲಿ ಉಳಿದಿದೆ. ದರಖಾಸ್ತು ಜಮೀನು ಎಂದರೆ ಹಳ್ಳಿಯವರಿಗೆಲ್ಲ ಗೊತ್ತು. ರೈತ ಜಮೀನಿಗೆ ದರಖಾಸ್ತು ಕೊಟ್ಟರೆ ಅವನನ್ನು ಯಾರೂ ಭಿಕ್ಷುಕ ಎನ್ನುವುದಿಲ್ಲ. ಇಂಗ್ಲಿಷಿನ ‘ಅಪ್ಲೈ’ಯಲ್ಲಿಯೂ ಬೇಡುವ ಅರ್ಥವಿಲ್ಲ. ತನ್ನ ಪರಿಸ್ಥಿತಿಯನ್ನು ನಿಯಮದ ಪಕ್ಕಕ್ಕೆ ಹಚ್ಚಿ, ‘ಇದು ನನಗೆ ಹೊಂದುತ್ತದೆಯೇ ನೋಡಿ’ ಎಂದು ಮುಂದಿಡುವುದಷ್ಟೇ.

ಆದ್ದರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಯುವಾಗ ಕಾಲಿಗೆ ಬೀಳುವ ಭಾಷೆ ಬೇಕಾಗಿಲ್ಲ. ಈ ನಾಲ್ಕು ವಾಕ್ಯ ಸಾಕು:

ಐ ವಿಶ್ ಟು ಅಪ್ಲೈ ಫಾರ್ ದ ಸ್ಕಾಲರ್‌ಶಿಪ್ ಫಾರ್ ದಿಸ್ ಇಯರ್.
ಐ ಆ್ಯಮ್ ಸ್ಟಡಿಯಿಂಗ್ ಇನ್ ದ ಫಸ್ಟ್ ಇಯರ್ ಆಫ್ ಡಿಪ್ಲೊಮಾ.
ಐ ಹ್ಯಾವ್ ಆಲ್ಸೋ ಅಪ್ಲೈಡ್ ಟು ದ ಸ್ಟೇಟ್ ಪೋರ್ಟಲ್.
ಐ ಹ್ಯಾವ್ ಎನ್‌ಕ್ಲೋಸ್ಡ್ ಮೈ ಮಾರ್ಕ್ಸ್ ಕಾರ್ಡ್ ಆ್ಯಂಡ್ ಇನ್‌ಕಮ್ ಸರ್ಟಿಫಿಕೇಟ್.

ಮೊದಲ ವಾಕ್ಯದಲ್ಲಿ ‘ಫಾರ್’ ಏಕೆ, ಮೂರನೆಯದರಲ್ಲಿ ‘ಟು’ ಏಕೆ ಎಂಬುದನ್ನು ಮಗು ಮನೆಯವರಿಗೆ ಬಿಡಿಸಿ ಹೇಳಲಿ. ಹೇಳಲು ಬಂದರೆ ಈ ಬರಹ ಹೊಟ್ಟೆಗೆ ಹೋಯಿತೆಂದೇ ತಿಳಿಯಿರಿ.

ಅರ್ಜಿ ಕೊಡುವ ಮುನ್ನ

ಫಾರ್ಮ್ ತುಂಬಿದ ಮೇಲೆ ಮನೆಯಲ್ಲಿ ಒಮ್ಮೆ ಜೋರಾಗಿ ಓದಿಸಿ. ಯಾರಿಗೆ ಅರ್ಜಿ, ಯಾವುದರ ಸಲುವಾಗಿ ಅರ್ಜಿ, ಯಾವ ದಿನದವರೆಗೆ ಎಂದು ಮಗುವನ್ನು ಕೇಳಿ. ಲಾಗೂ ಆಗದ ಕಾಲಮ್ಮುಗಳಲ್ಲಿ ಪೂರ್ತಿ ಶಬ್ದ ಬರೆದಿದೆಯೇ ನೋಡಿ. ಅರ್ಜಿದಾರರ ಜಾಗದಲ್ಲಿ ವಿದ್ಯಾರ್ಥಿಯದೇ ಸಹಿ ಇದೆಯೇ ನೋಡಿ. ಅಕ್ಷರ ಬಾರದ ತಾಯಂದಿರೂ ಈ ಪ್ರಶ್ನೆಗಳನ್ನು ಕೇಳಬಹುದು. ಉತ್ತರ ಕೊಡಬೇಕಾದದ್ದು ಮಗು.

‘ಅಪ್ಲೈ ಯುವರ್‌ಸೆಲ್ಫ್’ ಎಂಬ ಮಾತೊಂದು ಇಂಗ್ಲಿಷಿನಲ್ಲಿದೆ. ನಿನಗೆ ನೀನೇ ಅರ್ಜಿ ಹಾಕಿಕೋ ಎಂದು ಅದರ ಅರ್ಥವಲ್ಲ. ನಮ್ಮ ಹಿರಿಯರು ದಿನಾ ಹೇಳುವ ‘ಮನಸ್ ಹಚ್ಚಿ ಓದು’ ಎಂಬುದೇ ಅದು. ಅರ್ಜಿ ತುಂಬಲು ಒಂದು ದಿನ ಸಾಕು, ಈ ಕೆಲಸ ಮಾತ್ರ ವರ್ಷವಿಡೀ ನಡೆಯಬೇಕು. ದಾನಿಗಳ ಹಣಕ್ಕೆ ಲೆಕ್ಕ ಕೊಡುವುದು ಟ್ರಸ್ಟಿನ ಹೊಣೆ. ಓದಿನ ಲೆಕ್ಕ ವಿದ್ಯಾರ್ಥಿಗಳದು. ಅರ್ಜಿ ನಮೂನೆ ಮತ್ತು ಬೇಕಾದ ದಾಖಲೆಗಳ ಪಟ್ಟಿ ಮುಂದಿನ ಪುಟಗಳಲ್ಲಿವೆ. ಅರ್ಹರೆಲ್ಲರೂ ಸಂಕೋಚವಿಲ್ಲದೆ ಅರ್ಜಿ ಸಲ್ಲಿಸಬೇಕೆಂದು ವಿನಂತಿ.